ಕೀಟನಾಶಕ ಉಳಿಕೆ ಪರೀಕ್ಷೆ: ಕಿಟ್ ಸಾಕೋ, ಲ್ಯಾಬ್ ಬೇಕೋ, ಲ್ಯಾಬಿನಲ್ಲಿ ಯಾವ ಪರೀಕ್ಷೆ?

ರೈತ ಉತ್ಪಾದಕರ ಕಂಪನಿ, ಒಣ ಮೆಣಸಿನಕಾಯಿ ವ್ಯಾಪಾರಿ, ಪಟ್ಟಣದ ಸಾವಯವ ಅಂಗಡಿ. ಮೂವರೂ ಲ್ಯಾಬಿಗೆ ಫೋನ್ ಮಾಡಿ ಕೇಳುವುದು ಒಂದೇ ಮಾತು: "ರೆಸಿಡ್ಯೂ ಟೆಸ್ಟ್‌ಗೆ ಎಷ್ಟಾಗುತ್ತೆ?" ಕೇಳಬೇಕಾದ್ದು ಬೇರೆ. ಯಾವ ಔಷಧಿ ಹೊಡೆದಿದ್ದೇವೆ, ಮಾಲು ಯಾವ ಮಾರುಕಟ್ಟೆಗೆ ಹೋಗುತ್ತದೆ, ವರದಿ ಕೈಗೆ ಬಂದ ಮೇಲೆ ಏನು ತೀರ್ಮಾನ ಮಾಡಬೇಕು? ಈ ಮೂರು ಗೊತ್ತಿಲ್ಲದೆ ಮಾಡಿಸಿದ ಪರೀಕ್ಷೆಯಲ್ಲಿ "ಪತ್ತೆಯಾಗಿಲ್ಲ" ಎಂದು ಬಂದರೆ ಖುಷಿಪಡಲು ಕಾರಣವಿಲ್ಲ. ಯಾವ ಪರೀಕ್ಷೆಯೂ ತನ್ನ ಪಟ್ಟಿಯಲ್ಲಿರುವ ಔಷಧಿಯನ್ನು ಮಾತ್ರ ಹುಡುಕುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಕಾಯಿಯಲ್ಲಿ ಎಷ್ಟೇ ಇದ್ದರೂ ವರದಿಗೆ ಬರುವುದಿಲ್ಲ.

ಮೊದಲು ಯಾರ ಮಿತಿ ಎಂದು ಗೊತ್ತುಮಾಡಿಕೊಳ್ಳಿ

ಒಂದು ಬೆಳೆಯಲ್ಲಿ ಒಂದು ಔಷಧಿ ಕಾನೂನಿನ ಪ್ರಕಾರ ಎಷ್ಟರವರೆಗೆ ಉಳಿದಿರಬಹುದು ಎಂಬುದೇ ಗರಿಷ್ಠ ಉಳಿಕೆ ಮಿತಿ. ಬಳಕೆಯಲ್ಲಿ ಎಲ್ಲರೂ ಎಂಆರ್‌ಎಲ್ ಎನ್ನುತ್ತಾರೆ. ಅಳತೆ ಕಿಲೋಗೆ ಮಿಲಿಗ್ರಾಂ, ಅಂದರೆ ಪಿಪಿಎಂ. ಭಾರತದಲ್ಲಿ ಇದನ್ನು ನಿಗದಿಪಡಿಸುವುದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ, 2011ರ ಕಲ್ಮಶ, ವಿಷ ಮತ್ತು ಉಳಿಕೆಗಳ ನಿಯಮಗಳಡಿ. ಪಟ್ಟಿಯಲ್ಲಿ ಮಿತಿ ಕೊಟ್ಟಿಲ್ಲದ ಔಷಧಿ-ಬೆಳೆ ಜೋಡಿಗೆ 0.01 ಅನ್ವಯ. ಒಂದು ಟನ್ ಮಾಲಿನಲ್ಲಿ ಹತ್ತು ಮಿಲಿಗ್ರಾಂ! ಹತ್ತಿಗೆ ನೋಂದಣಿಯಾದ ಔಷಧಿಯನ್ನು ದಪ್ಪ ಮೆಣಸಿನಕಾಯಿಗೆ ಹೊಡೆದವರು ಸಿಕ್ಕಿಬೀಳುವುದು ಇಲ್ಲಿಯೇ. ಲೇಬಲ್‌ನಲ್ಲಿ ಆ ಬೆಳೆ ಇಲ್ಲ, ಹಾಗಾಗಿ ಕೊಯ್ಲಿಗೆ ಮುಂಚೆ ಎಷ್ಟು ದಿನ ಕಾಯಬೇಕು ಎಂಬ ಅವಧಿಯೂ ಇಲ್ಲ, ಪ್ರತ್ಯೇಕ ಮಿತಿಯೂ ಇಲ್ಲ. ಉಳಿಯುವುದು 0.01 ಮಾತ್ರ.

ಯುರೋಪಿನ ಒಕ್ಕೂಟದ್ದು 396/2005ನೇ ನಿಯಮ. ಅಲ್ಲೂ ಮಿತಿ ಕೊಡದಿದ್ದರೆ 0.01. ವ್ಯತ್ಯಾಸ ಏನೆಂದರೆ, ನಮ್ಮಲ್ಲಿ ದಿನನಿತ್ಯ ಬಳಸುವ ಹಲವು ಔಷಧಿಗಳಿಗೆ ಅಲ್ಲಿ ಅನುಮತಿ ಹೋಗಿ ಮಿತಿ ನೆಲಕ್ಕಿಳಿದಿದೆ. ಕ್ಲೋರ್‌ಪೈರಿಫಾಸ್‌ಗೆ 2020ರಲ್ಲಿ ಹಾಗಾಯಿತು. ಭತ್ತದ ಬೆಂಕಿರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್‌ನ ಮಿತಿ ಅಕ್ಕಿಯಲ್ಲಿ 1ರಿಂದ 0.01ಕ್ಕೆ ಕುಸಿದಾಗ 2018ರ ಹೊತ್ತಿಗೆ ಬಾಸ್ಮತಿ ರಫ್ತುದಾರರೆಲ್ಲ ಕಂಗಾಲಾಗಿದ್ದರು. ಕೊಲ್ಲಿ ರಾಷ್ಟ್ರಗಳು ಮತ್ತು ಏಷ್ಯಾದ ಹಲವು ದೇಶಗಳು ತಮ್ಮದೇ ಮಿತಿ ಇಲ್ಲದ ಕಡೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪಟ್ಟಿಯನ್ನು ನೋಡುವುದುಂಟು. ಆದರೂ ಕೊಳ್ಳುವವರಿಂದ ಲಿಖಿತವಾಗಿ ಕೇಳಿಕೊಳ್ಳುವುದೇ ಕ್ಷೇಮ.

ಮಸಾಲೆ ಪದಾರ್ಥಗಳದು ಬೇರೆ ಲೆಕ್ಕ. 2024ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಭಾರತದಲ್ಲಿ ನೋಂದಣಿಯಾಗದ ಕೀಟನಾಶಕಗಳಿಗೆ ಮಸಾಲೆಗಳಲ್ಲಿದ್ದ 0.01ರ ಮಿತಿಯನ್ನು 0.1ಕ್ಕೆ ಏರಿಸಿತು. ಟೀಕೆ ಸಾಕಷ್ಟು ಬಂತು. ಒಣಗಿದ ಪದಾರ್ಥದಲ್ಲಿ ಉಳಿಕೆ ಸಾಂದ್ರವಾಗುವುದಂತೂ ನಿಜ: ಹಸಿ ಮೆಣಸಿನಕಾಯಿಯ ನೀರು ಹೋಗಿ ಒಣಗುವಾಗ ಅದೇ ಔಷಧಿ ಕಿಲೋ ಲೆಕ್ಕದಲ್ಲಿ ಏಳರಿಂದ ಹತ್ತು ಪಟ್ಟು ಹೆಚ್ಚಾಗಿ ಕಾಣುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಕಾಯಿಯನ್ನು ಹಸಿಯಿದ್ದಾಗ ಪರೀಕ್ಷಿಸಿ 0.05 ಬಂದರೆ, ಒಣಗಿದ ಮೇಲೆ 0.35ರಿಂದ 0.5ರ ಆಸುಪಾಸು ಬರಬಹುದೆಂದು ಲೆಕ್ಕ ಹಾಕಬೇಕು. ಮಾರುವುದು ಒಣಗಾಯಿಯಾದರೆ ಪರೀಕ್ಷೆಯೂ ಒಣಗಾಯಿಯದ್ದೇ ಆಗಲಿ.

ಹತ್ತು-ಹದಿನೈದು ನಿಮಿಷದ ಕಿಟ್

ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಕಾರ್ಡ್‌ಗಳಲ್ಲಿ ಬಹುಪಾಲು ಒಂದೇ ತತ್ವದ ಮೇಲೆ ನಡೆಯುತ್ತವೆ. ಕೀಟದ ನರಗಳಲ್ಲಿರುವ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಜಾತಿಯ ಔಷಧಿಗಳು ತಡೆಹಿಡಿಯುತ್ತವೆ. ಕಾರ್ಡಿನಲ್ಲಿರುವುದು ಅದೇ ಬಗೆಯ ಕಿಣ್ವ. ಸಾಮಾನ್ಯ ಕ್ರಮ ಹೀಗಿದೆ: ಸುಮಾರು 5 ಗ್ರಾಂ ಸೊಪ್ಪನ್ನು ಒಂದು ಸೆಂಟಿಮೀಟರ್ ತುಂಡು ಮಾಡಿ, 10 ಮಿಲಿ ಬಫರ್ ದ್ರಾವಣ ಹಾಕಿ ಚೆನ್ನಾಗಿ ಅಲ್ಲಾಡಿಸಿ, ಎರಡು ನಿಮಿಷ ಬಿಡಿ. ಎರಡು-ಮೂರು ಹನಿ ಬಿಳಿ ಬಿಲ್ಲೆಯ ಮೇಲೆ ಹಾಕಿ 37 ಡಿಗ್ರಿಯಲ್ಲಿ ಹತ್ತು ನಿಮಿಷ ಇಡಿ. ಕಾರ್ಡನ್ನು ಮಡಚಿ ಕೆಂಪು ಬಿಲ್ಲೆ ಬಿಳಿಯದಕ್ಕೆ ತಾಗುವಂತೆ ಮೂರು ನಿಮಿಷ ಒತ್ತಿ ಹಿಡಿಯಿರಿ. ನೀಲಿ ಬಂದರೆ ಕಿಣ್ವ ಕೆಲಸ ಮಾಡುತ್ತಿದೆ ಎಂದರ್ಥ. ಬಿಳಿಯಾಗಿಯೇ ಉಳಿದರೆ ಏನೋ ಅದನ್ನು ತಡೆದಿದೆ. ಪ್ರತಿ ಸಲವೂ ಬರೀ ಬಫರ್ ಹಾಕಿದ ಒಂದು ಕಾರ್ಡನ್ನು ಜೊತೆಗೇ ಓಡಿಸಬೇಕು. ಅದು ನೀಲಿಯಾಗದಿದ್ದರೆ ಕಿಣ್ವ ಮೊದಲೇ ಸತ್ತಿದೆ. ಬಿಸಿಲಲ್ಲಿ ಬಂದ ಕೊರಿಯರ್, ಫ್ರಿಜ್ ಇಲ್ಲದ ಅಂಗಡಿ, ಎರಡೂ ಇದಕ್ಕೆ ಸಾಕು.

ಕಿಟ್‌ನ ಕಣ್ಣಿಗೆ ಬೀಳದ ಪಟ್ಟಿ ದೊಡ್ಡದು. ಇಮಿಡಾಕ್ಲೋಪ್ರಿಡ್, ಲ್ಯಾಂಬ್ಡಾ-ಸೈಹಲೋಥ್ರಿನ್, ಫಿಪ್ರೊನಿಲ್, ಮ್ಯಾಂಕೋಜೆಬ್, ಶಿಲೀಂಧ್ರನಾಶಕಗಳಲ್ಲಿ ಹೆಚ್ಚಿನವು, ಕಳೆನಾಶಕಗಳಲ್ಲಿ ಹೆಚ್ಚಿನವು. ಕಾರ್ಬೆಂಡಜಿಮ್ ಹೆಸರಿಗೆ ಕಾರ್ಬಮೇಟ್ ಗುಂಪಿನದ್ದಾದರೂ ಈ ಕಿಣ್ವವನ್ನು ತಡೆಯುವುದಿಲ್ಲ, ಹಾಗಾಗಿ ಅದೂ ತಪ್ಪಿಸಿಕೊಳ್ಳುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಗಂಧಕವಿರುವ ಔಷಧಿಗಳು ಉತ್ಕರ್ಷಣೆಗೊಳ್ಳುವವರೆಗೆ ಮಂದವಾಗಿರುವುದರಿಂದ, ಆ ಹಂತವಿಲ್ಲದ ಕಿಟ್ ಅವನ್ನು ಕಡಿಮೆ ತೋರಿಸುತ್ತದೆ. ಮಾಲಿನಲ್ಲಿ 0.01 ಇದೆಯೇ ಎಂದು ಹೇಳುವ ಶಕ್ತಿಯೂ ಇದಕ್ಕಿಲ್ಲ. ಅನೇಕ ಔಷಧಿಗಳಲ್ಲಿ ಬಣ್ಣ ಬದಲಾಗುವುದೇ 0.1 ಪಿಪಿಎಂ ದಾಟಿದ ಮೇಲೆ, ಕೆಲವದರಲ್ಲಿ ಪಿಪಿಎಂಗಟ್ಟಲೆ ಇದ್ದಾಗ.

ಇನ್ನು ತಪ್ಪು ಎಚ್ಚರಿಕೆ. ಬೆಳ್ಳುಳ್ಳಿ, ಈರುಳ್ಳಿ ಹೂವು, ಮೂಲಂಗಿ, ಕೊತ್ತಂಬರಿ, ಅಣಬೆ, ಟೊಮೆಟೊ ಇವುಗಳ ರಸವೇ ಕಿಣ್ವವನ್ನು ತಡೆಯಬಲ್ಲದು. ಇವನ್ನು ತುಂಡು ಮಾಡದೆ ಇಡಿಯಾಗಿ ಬಫರ್‌ನಲ್ಲಿ ಅದ್ದಿ ತೊಳೆದ ನೀರನ್ನೇ ಪರೀಕ್ಷಿಸುವುದು ರೂಢಿ. ಆಗ ಮೇಲ್ಮೈ ಉಳಿಕೆ ಮಾತ್ರ ಗೊತ್ತಾಗುತ್ತದೆ.

ಹಾಗಾದರೆ ಕಿಟ್ ಯಾರಿಗೆ? ದಿನಕ್ಕೆ ಐವತ್ತು ರೈತರಿಂದ ಸೊಪ್ಪು-ತರಕಾರಿ ಇಳಿಸಿಕೊಳ್ಳುವ ಸಂಗ್ರಹ ಕೇಂದ್ರಕ್ಕೆ. ನಿನ್ನೆ ಔಷಧಿ ಹೊಡೆದು ಇಂದು ಕಿತ್ತು ತಂದ ಲೋಡನ್ನು ಬಾಗಿಲಲ್ಲೇ ಹಿಡಿಯಲು ಅದು ಉಪಯೋಗಕ್ಕೆ ಬರುತ್ತದೆ. "ನಮ್ಮ ತರಕಾರಿ ವಿಷಮುಕ್ತ" ಎಂದು ಬೋರ್ಡ್ ಬರೆಸಲು ಅದನ್ನು ಆಧಾರ ಮಾಡಿಕೊಂಡರೆ ಅದು ಮೋಸಕ್ಕೆ ಹತ್ತಿರ.

ಲ್ಯಾಬಿನ ಬಹು-ಉಳಿಕೆ ಪರೀಕ್ಷೆ

ಇಲ್ಲಿ ಒಂದೇ ಮಾದರಿಯಲ್ಲಿ ನೂರಾರು ಔಷಧಿಗಳನ್ನು ಒಟ್ಟಿಗೆ ಹುಡುಕುತ್ತಾರೆ. 2003ರಲ್ಲಿ ಪ್ರಕಟವಾದ ಕ್ವೆಚರ್ಸ್ ಎಂಬ ಹೊರತೆಗೆಯುವ ವಿಧಾನ ಜಗತ್ತಿನಾದ್ಯಂತ ರೂಢಿಯಲ್ಲಿದೆ: ನುಣ್ಣಗೆ ಅರೆದ 10 ಗ್ರಾಂ ಮಾದರಿಗೆ 10 ಮಿಲಿ ಅಸಿಟೋನೈಟ್ರೈಲ್, ನೀರು ಎಳೆಯಲು 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು, ಆಮ್ಲೀಯತೆ ಹಿಡಿದಿಡಲು ಸಿಟ್ರೇಟ್. ಕುಲುಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ಪದರವನ್ನು ಶುದ್ಧಗೊಳಿಸಿ ಯಂತ್ರಕ್ಕೆ ಕೊಡುತ್ತಾರೆ. ಮೆಣಸಿನಪುಡಿಯಂಥ ಒಣ ಮಸಾಲೆಗೆ 2 ಗ್ರಾಂ ಮಾತ್ರ ತೆಗೆದುಕೊಂಡು 10 ಮಿಲಿ ನೀರು ಸೇರಿಸುತ್ತಾರೆ. ಬಣ್ಣ, ಎಣ್ಣೆ ಜಾಸ್ತಿಯಿರುವುದರಿಂದ ಮಸಾಲೆಯಲ್ಲಿ 0.01ರವರೆಗೆ ಖಚಿತವಾಗಿ ಅಳೆಯುವುದು ತರಕಾರಿಗಿಂತ ಕಷ್ಟ. ಹಸಿರು ಸೊಪ್ಪಿನ ಬಣ್ಣ ತೆಗೆಯಲು ಇಂಗಾಲದ ಪುಡಿ ಹಾಕುವುದುಂಟು. ಅದು ಜಾಸ್ತಿಯಾದರೆ ಥಯಾಬೆಂಡಜೋಲ್‌ನಂಥ ಚಪ್ಪಟೆ ಅಣುವಿನ ಔಷಧಿಯನ್ನೂ ಬಣ್ಣದ ಜೊತೆಗೇ ಹೀರಿಬಿಡುತ್ತದೆ.

ಯಂತ್ರಗಳು ಎರಡು. ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ ಇಮಿಡಾಕ್ಲೋಪ್ರಿಡ್, ಅಸಿಫೇಟ್, ಕಾರ್ಬೆಂಡಜಿಮ್‌ನಂಥವು ಚೆನ್ನಾಗಿ ಸಿಗುತ್ತವೆ. ಜಿಸಿ-ಎಂಎಸ್/ಎಂಎಸ್‌ನಲ್ಲಿ ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು, ಹಳೆಯ ಆರ್ಗನೋಕ್ಲೋರಿನ್‌ಗಳು. ದರ ಕಡಿಮೆ ಹೇಳುವ ಕಡೆ ಒಂದೇ ಯಂತ್ರದಲ್ಲಿ ಓಡಿಸಿ ಮುಗಿಸುತ್ತಿದ್ದಾರೆಯೇ ಎಂದು ಕೇಳಿ. ಎರಡೂ ಬೇಕು.

ವರದಿಯಲ್ಲಿ ತಾವು ಹೊಡೆಯದ ಔಷಧಿಯ ಹೆಸರು ಕಂಡು ರೈತರು ಲ್ಯಾಬಿನ ಮೇಲೆ ಸಿಟ್ಟಾಗುವುದು ಸಾಮಾನ್ಯ. ಎಷ್ಟೋ ಸಲ ಎರಡೂ ಕಡೆಯವರು ಸರಿಯೇ ಇರುತ್ತಾರೆ. ಥಯೋಫನೇಟ್ ಮಿಥೈಲ್ ಗಿಡದಲ್ಲಿ ಒಡೆದು ಕಾರ್ಬೆಂಡಜಿಮ್ ಆಗುತ್ತದೆ. ಅಸಿಫೇಟ್‌ನಿಂದ ಮೆಥಮಿಡೋಫಾಸ್, ಡೈಮಿಥೋಯೇಟ್‌ನಿಂದ ಒಮಿಥೋಯೇಟ್ ಬರುತ್ತದೆ. ಪಕ್ಕದ ಹೊಲದ ಗಾಳಿ, ಸರಿಯಾಗಿ ತೊಳೆಯದ ಸ್ಪ್ರೇ ಟ್ಯಾಂಕ್, ಔಷಧಿ ತಂದ ಚೀಲದಲ್ಲೇ ತುಂಬಿದ ಕಾಯಿ ಇವೂ 0.01ರ ಮಟ್ಟದಲ್ಲಿ ಲೆಕ್ಕಕ್ಕೆ ಬರುತ್ತವೆ. ಇನ್ನೊಂದು ಕಾರಣ ಹೇಳಲೇಬೇಕು: "ಜೈವಿಕ" ಎಂದು ಮಾರುವ ಕೆಲವು ಬಾಟಲಿಗಳಲ್ಲಿ ಲೇಬಲ್‌ನಲ್ಲಿ ಇಲ್ಲದ ರಾಸಾಯನಿಕ ಬೆರೆತಿರುತ್ತದೆ. ಸಾವಯವ ಗುಂಪುಗಳು ಕಾಯಿಗಿಂತ ಮೊದಲು ಬಾಟಲಿಯನ್ನೇ ಪರೀಕ್ಷೆಗೆ ಕಳಿಸುವುದು ಜಾಣತನ.

ಬಹು-ಉಳಿಕೆಯಲ್ಲಿ ಸಿಗದವು

ಹೆಚ್ಚು ಜನ ಎಡವುವುದು ಇಲ್ಲಿ. ಮ್ಯಾಂಕೋಜೆಬ್, ಜಿನೆಬ್, ಪ್ರೊಪಿನೆಬ್ ಹಾಗೂ ಇವುಗಳ ಬಳಗ ಯಾವ ದ್ರಾವಕದಲ್ಲೂ ಸರಿಯಾಗಿ ಕರಗುವುದಿಲ್ಲ. ಆಮ್ಲ ಮತ್ತು ಸ್ಟ್ಯಾನಸ್ ಕ್ಲೋರೈಡ್ ಹಾಕಿ ಬಿಸಿಮಾಡಿ, ಹೊರಬರುವ ಕಾರ್ಬನ್ ಡೈಸಲ್ಫೈಡ್ ಅನಿಲವನ್ನು ಅಳೆಯಬೇಕು. ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ದರ. ಇದಕ್ಕೆ ಕೊಡುವ ಮಾದರಿಯನ್ನು ಮಿಕ್ಸಿಯಲ್ಲಿ ಅರೆಯಬಾರದು. ಅರೆದರೆ ರಸ ತಾಗಿ ಔಷಧಿ ಅಲ್ಲೇ ಒಡೆದುಹೋಗುತ್ತದೆ. ವರದಿ ಕಾರ್ಬನ್ ಡೈಸಲ್ಫೈಡ್ ಲೆಕ್ಕದಲ್ಲಿ ಬರುತ್ತದೆ, ಮಿತಿಯೂ ಅದೇ ಲೆಕ್ಕದಲ್ಲಿರುತ್ತದೆ. ಮ್ಯಾಂಕೋಜೆಬ್‌ಗೆ ಪರಿವರ್ತಿಸಲು ಹೋಗಿ ಗಾಬರಿಯಾಗಬೇಡಿ. ಎಲೆಕೋಸು, ಹೂಕೋಸು, ಈರುಳ್ಳಿ, ಬೆಳ್ಳುಳ್ಳಿಗಳು ಮ್ಯಾಂಕೋಜೆಬ್ ಮುಟ್ಟದಿದ್ದರೂ ತಮ್ಮದೇ ಗಂಧಕದಿಂದ ಸ್ವಲ್ಪ ಅನಿಲ ಬಿಡುತ್ತವೆ. ಅವುಗಳಲ್ಲಿ ಸಣ್ಣ ಅಂಕಿ ಬಂದರೆ ತಕ್ಷಣ ರೈತನ ಮೇಲೆ ತಪ್ಪು ಹೊರಿಸಬಾರದು.

ಗ್ಲೈಫೋಸೇಟ್, ಎಥೆಫಾನ್, ಪ್ಯಾರಾಕ್ವಾಟ್, ಕ್ಲೋರ್‌ಮೆಕ್ವಾಟ್ ಇವು ನೀರನ್ನು ಬಿಟ್ಟು ಅಸಿಟೋನೈಟ್ರೈಲ್‌ಗೆ ಬರುವುದಿಲ್ಲ. ಇವಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್‌ನ ಯುರೋಪಿಯನ್ ಉಲ್ಲೇಖ ಪ್ರಯೋಗಾಲಯ ರೂಪಿಸಿದ ಕ್ಯುಪ್ಪೆ ಎಂಬ ಬೇರೆ ವಿಧಾನವಿದೆ. ಇದರ ಬಿಸಿ ನಮ್ಮ ದ್ರಾಕ್ಷಿಗೆ ಚೆನ್ನಾಗಿ ತಟ್ಟಿದೆ. ಚಾಟನಿ (ಬಳ್ಳಿ ಸವರುವುದು) ಆದ ಮೇಲೆ ಬಳ್ಳಿ ವಿಪರೀತ ಬೆಳೆಯದಂತೆ ತಡೆಯಲು ಹೊಡೆಯುವ ಸಿಸಿಸಿ, ಅಂದರೆ ಕ್ಲೋರ್‌ಮೆಕ್ವಾಟ್ ಕ್ಲೋರೈಡ್, 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಅಲ್ಲಿನ 0.05ರ ಮಿತಿ ಮೀರಿ ಸಿಕ್ಕಿತು. ಕಂಟೈನರುಗಳು ಬಂದರಿನಲ್ಲೇ ನಿಂತವು. ರಫ್ತಿಗೆ ಮುಂಚೆ ಪರೀಕ್ಷೆ ಮಾಡಿಸದ ದ್ರಾಕ್ಷಿಯಲ್ಲ ಅದು. ಪರೀಕ್ಷೆಯ ಪಟ್ಟಿಯಲ್ಲಿ ಸಿಸಿಸಿ ಇರಲಿಲ್ಲ, ಅಷ್ಟೆ. ಕೀಟವನ್ನೂ ಕೊಲ್ಲದ, ರೋಗವನ್ನೂ ತಡೆಯದ ಬೆಳವಣಿಗೆ ನಿಯಂತ್ರಕವನ್ನು "ಔಷಧಿ" ಎಂದು ಡೈರಿಯಲ್ಲಿ ಬರೆಯುವ ರೂಢಿ ಇವತ್ತಿಗೂ ಅನೇಕರಿಗಿಲ್ಲ.

ಎಥಿಲೀನ್ ಆಕ್ಸೈಡ್ ಹೊಲದಲ್ಲಿ ಹೊಡೆಯುವಂಥದ್ದಲ್ಲ. ಗೋದಾಮಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೊಲ್ಲಲು ಬಿಡುವ ಅನಿಲ. 2020ರ ಸೆಪ್ಟೆಂಬರ್‌ನಲ್ಲಿ ಭಾರತದ ಎಳ್ಳಿನಲ್ಲಿ ಇದು ಇದೆಯೆಂದು ಬೆಲ್ಜಿಯಂ ಎಚ್ಚರಿಸಿದ ಮೇಲೆ ಯುರೋಪಿನಾದ್ಯಂತ ಬ್ರೆಡ್ಡು, ಬಿಸ್ಕತ್ತುಗಳನ್ನೆಲ್ಲ ಅಂಗಡಿಗಳಿಂದ ವಾಪಸ್ ತೆಗೆಸಿದರು. ಅನಿಲ ಹಾರಿಹೋಗಿ 2-ಕ್ಲೋರೋಎಥನಾಲ್ ಉಳಿಯುವುದರಿಂದ ಎರಡನ್ನೂ ಅಳೆದು ಕೂಡಿಸಬೇಕು. ಯುರೋಪಿನ ಮಿತಿ ಎಳ್ಳಿಗೆ 0.05, ಮಸಾಲೆಗೆ 0.1. ಹೊಲದಲ್ಲಿ ಮಾದರಿ ತೆಗೆದು ಈ ಪರೀಕ್ಷೆ ಮಾಡಿಸುವುದು ದುಡ್ಡು ದಂಡ. ಸಂಸ್ಕರಣೆ ಆದ ಮೇಲೆ ಮಾಡಿಸಿ.

ಮಾದರಿ ಕೆಟ್ಟರೆ ಯಾವ ಯಂತ್ರವೂ ಉಪಯೋಗವಿಲ್ಲ

ಕೋಡೆಕ್ಸ್ ಮಾರ್ಗಸೂಚಿಯ ಪ್ರಕಾರ 50 ಕಿಲೋದೊಳಗಿನ ಲಾಟಿಗೆ ಕನಿಷ್ಠ 3 ಕಡೆಯಿಂದ, 500 ಕಿಲೋವರೆಗೆ 5 ಕಡೆಯಿಂದ, ಅದಕ್ಕಿಂತ ದೊಡ್ಡದಕ್ಕೆ 10 ಕಡೆಯಿಂದ ತೆಗೆದು ಬೆರೆಸಬೇಕು. ಲ್ಯಾಬಿಗೆ ಹೋಗುವ ಗಾತ್ರ ಟೊಮೆಟೊದಂಥ ಮಧ್ಯಮ ಗಾತ್ರದ್ದಕ್ಕೆ 1 ಕಿಲೋ, ಹತ್ತು ಕಾಯಿಗಿಂತ ಕಡಿಮೆ ಇಲ್ಲದಂತೆ. ಎಲೆಕೋಸಿನಂಥ ದೊಡ್ಡದ್ದಕ್ಕೆ 2 ಕಿಲೋ, ಕನಿಷ್ಠ ಐದು ಗೆಡ್ಡೆ. ಚೆನ್ನಾಗಿ ಕಾಣುವ ನಾಲ್ಕು ಹಣ್ಣನ್ನು ಆರಿಸಿ ಕಳಿಸಿದರೆ ಆ ನಾಲ್ಕು ಹಣ್ಣಿನ ವರದಿ ಮಾತ್ರ ಬರುತ್ತದೆ.

ತೊಳೆಯಬೇಡಿ, ಸಿಪ್ಪೆ ತೆಗೆಯಬೇಡಿ. ಬಾಳೆಹಣ್ಣಿನ ಕಾನೂನು ಮಿತಿ ಸಿಪ್ಪೆಯೂ ಸೇರಿದ ಹಣ್ಣಿಗೆ. ಎಲೆಕೋಸಿನಲ್ಲಿ ಒಣಗಿ ಕೊಳೆತ ಹೊರ ಎಲೆ ಮಾತ್ರ ತೆಗೆಯಬಹುದು. ಔಷಧಿ ಹೊಡೆದ ಕೈಯಲ್ಲಿ ಮಾದರಿ ಕೀಳಬಾರದು. ಹೊಸ ಪಾಲಿಥೀನ್ ಚೀಲದಲ್ಲಿ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು ಒಂದು ದಿನದೊಳಗೆ ತಲುಪಿಸಿ. ಬಸ್ಸಿನ ಡಿಕ್ಕಿಯಲ್ಲಿ ಎರಡು ದಿನ ಬೆಂದ ಪಾಲಕ್‌ನಲ್ಲಿ ಉಳಿಕೆ ಕಡಿಮೆ ಬಂದರೆ ಅದು ನಿಮ್ಮ ಬೇಸಾಯದ ಗುಣವಲ್ಲ.

ಸಮಯವೂ ಮುಖ್ಯ. ಕೊನೆಯ ಸಿಂಪರಣೆ ಆಗಿ ಲೇಬಲ್‌ನ ಕಾಯುವ ಅವಧಿ ಮುಗಿಯುವ ಹೊತ್ತಿಗೆ, ಕೊಯ್ಲಿಗೆ ವಾರ ಮುಂಚೆ ಮಾದರಿ ತೆಗೆದರೆ ವರದಿ ಬರುವಷ್ಟರಲ್ಲಿ ತೀರ್ಮಾನಕ್ಕೆ ಜಾಗವಿರುತ್ತದೆ. ಅಂದು ಪಾಸಾದದ್ದು ಮತ್ತೆ ಹೊಡೆಯದಿದ್ದರೆ ಕೊಯ್ಲಿನ ದಿನವೂ ಪಾಸಾಗುವ ಸಂಭವವೇ ಹೆಚ್ಚು. ಫೇಲಾದರೆ ಕೆಲವು ದಿನ ಬಿಟ್ಟು ಮರುಪರೀಕ್ಷೆ ಮಾಡಿಸಬಹುದು. ಕೊಯ್ದು ಪ್ಯಾಕ್ ಮಾಡಿದ ಮೇಲೆ ಫೇಲಾದರೆ ಮಾಡಲು ಏನೂ ಉಳಿದಿರುವುದಿಲ್ಲ.

ವರದಿ ಓದುವ ಬಗೆ

ಮೊದಲ ಪುಟದ ಮುದ್ರೆಗಿಂತ ಕೊನೆಯ ಅನುಬಂಧ ಮುಖ್ಯ. ಯಾವ ಔಷಧಿ, ಎಷ್ಟರವರೆಗೆ ಅಳೆಯಬಲ್ಲರು ಎಂಬುದು ಅಲ್ಲಿರುತ್ತದೆ. ಅಳೆಯುವ ಕನಿಷ್ಠ ಮಟ್ಟ 0.05 ಇರುವ ಪರೀಕ್ಷೆಯಲ್ಲಿ "ಪತ್ತೆಯಾಗಿಲ್ಲ" ಎಂದಿದ್ದರೆ, 0.01ರ ಮಿತಿಗೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ಎನ್‌ಎಬಿಎಲ್‌ನ ಮಾನ್ಯತೆ ಲ್ಯಾಬಿಗೆ ಸಾರಾಸಗಟಾಗಿ ಸಿಗುವುದಲ್ಲ, ಇಂಥ ಪದಾರ್ಥದಲ್ಲಿ ಇಂಥ ಪರೀಕ್ಷೆಗೆ ಎಂದು ಸಿಗುತ್ತದೆ. ನೀರಿನ ಪರೀಕ್ಷೆಗೆ ಮಾನ್ಯತೆ ಇರುವ ಲ್ಯಾಬು ದಾಳಿಂಬೆಗೆ ಕೊಡುವ ವರದಿಯ ಬೆಲೆ ಬೇರೆಯೇ. ವ್ಯಾಪ್ತಿಯ ಪಟ್ಟಿ ಎನ್‌ಎಬಿಎಲ್ ಜಾಲತಾಣದಲ್ಲಿ ಯಾರಿಗೂ ಸಿಗುತ್ತದೆ. ರಾಜ್ಯದಲ್ಲಿ ಖಾಸಗಿ ಲ್ಯಾಬುಗಳಲ್ಲದೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಮತ್ತು ರಾಯಚೂರು ಕೃಷಿ ವಿಶ್ವವಿದ್ಯಾಲಯಗಳಲ್ಲಿ ಉಳಿಕೆ ಪ್ರಯೋಗಾಲಯಗಳಿವೆ.

ಅಂಕಿಯ ಪಕ್ಕದಲ್ಲಿ ಅನಿಶ್ಚಿತತೆಯನ್ನು ನೋಡಿ. ಯುರೋಪಿನ ಅಧಿಕಾರಿಗಳು ಸಾಮಾನ್ಯವಾಗಿ ಶೇ. 50 ಹಿಡಿಯುತ್ತಾರೆ: 0.018 ಬಂದರೆ ಅರ್ಧ ಕಳೆದು 0.009, ಮಿತಿ 0.01 ಆಗಿದ್ದರೆ ಉಲ್ಲಂಘನೆಯಲ್ಲ. ಮಾರುವವರು ಮಾತ್ರ ಈ ಲೆಕ್ಕವನ್ನು ತಿರುಗಿಸಿ ಮಾಡಬೇಕು. ಇಲ್ಲಿ 0.008 ಬಂದದ್ದು ಅಲ್ಲಿ 0.012 ಆಗಬಹುದು. ಹಾಗಾಗಿ ಮಿತಿಯ ಅರ್ಧಕ್ಕಿಂತ ಕೆಳಗಿದ್ದರೆ ಮಾತ್ರ ಲೋಡ್ ಮಾಡಿ. ಯುರೋಪಿನ ಕೆಲವು ಸೂಪರ್ ಮಾರ್ಕೆಟ್ ಸರಪಳಿಗಳು ಕಾನೂನು ಮಿತಿಯ ಮೂರನೇ ಒಂದು ಭಾಗವನ್ನೇ ತಮ್ಮ ಮಿತಿ ಮಾಡಿಕೊಂಡಿವೆ.

ಯಾರು ಯಾವುದನ್ನು ಆರಿಸಬೇಕು

ಸ್ಥಳೀಯ ಮಾರುಕಟ್ಟೆಗೆ ಸೊಪ್ಪು-ತರಕಾರಿ ಕೊಡುವ ಗುಂಪು ದಿನವೂ ಕಿಟ್ ಬಳಸಿ, ತಿಂಗಳಿಗೊಮ್ಮೆ ಚೀಟಿ ಎತ್ತಿ ಆರಿಸಿದ ರೈತರ ಮಾಲನ್ನು ಬಹು-ಉಳಿಕೆ ಪರೀಕ್ಷೆಗೆ ಕಳಿಸಿದರೆ ಖರ್ಚಿಗೆ ತಕ್ಕ ಫಲ ಸಿಗುತ್ತದೆ. ಟೊಮೆಟೊ, ಆಲೂಗಡ್ಡೆ, ದ್ರಾಕ್ಷಿಯಾದರೆ ಮ್ಯಾಂಕೋಜೆಬ್ ಬಳಗದ ಪರೀಕ್ಷೆಯನ್ನು ಸೇರಿಸಲೇಬೇಕು. ರಫ್ತಿಗಾದರೆ ಕಿಟ್ ಮರೆತುಬಿಡಿ. ಸಿಂಪರಣೆ ಡೈರಿಯ ನಕಲನ್ನು ಲ್ಯಾಬಿಗೆ ಕೊಟ್ಟು, ಅದರಲ್ಲಿರುವ ಪ್ರತಿಯೊಂದೂ ಪರೀಕ್ಷೆಯ ಪಟ್ಟಿಯಲ್ಲಿದೆಯೇ ಎಂದು ಲಿಖಿತವಾಗಿ ಪಡೆಯಿರಿ. ಅಂಗಡಿಯವರಿಗೆ ಒಂದು ಮಾತು: ಸಾವಯವ ಪ್ರಮಾಣಪತ್ರ, ಅದು ಎನ್‌ಪಿಒಪಿ ಇರಲಿ, ಪಿಜಿಎಸ್ ಇರಲಿ, ಬೆಳೆದ ಕ್ರಮಕ್ಕೆ ಕೊಡುವುದು. ಈ ಲಾಟಿನಲ್ಲಿ ಉಳಿಕೆ ಎಷ್ಟು ಎಂದು ಅದು ಹೇಳುವುದಿಲ್ಲ.

ಕಾನೂನಿನಲ್ಲಿ ಹೊಣೆ ಯಾರದ್ದೆಂಬುದೂ ಆಯ್ಕೆಯ ಭಾಗ. 2006ರ ಆಹಾರ ಸುರಕ್ಷತೆ ಕಾಯ್ದೆ ಹೊಲದಲ್ಲಿರುವ ರೈತನಿಗೆ ಅನ್ವಯಿಸುವುದಿಲ್ಲ. ಮಾಲು ವ್ಯಾಪಾರಿಯ ಕೈಗೆ ಬಂದ ಕ್ಷಣದಿಂದ ಹೊಣೆ ವ್ಯಾಪಾರಿಯದ್ದು. ಆಹಾರ ಸುರಕ್ಷತಾ ಅಧಿಕಾರಿ ಮಾದರಿ ತೆಗೆದರೆ ನಾಲ್ಕು ಭಾಗ ಮಾಡುತ್ತಾರೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ ಎಂದು ಅಲ್ಲೇ ಕೇಳುವ ಹಕ್ಕು ನಿಮಗಿದೆ, ಕೇಳದಿದ್ದರೆ ಕಳಿಸುವುದಿಲ್ಲ. ವಿಶ್ಲೇಷಕರ ವರದಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು.

ಮನೆಬಳಕೆಗೆ ಕೊಳ್ಳುವವರು ಪ್ರತಿ ಸಲ ಲ್ಯಾಬಿಗೆ ಹೋಗುವ ಮಾತೇ ಇಲ್ಲ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲ್ಮೈಯಲ್ಲಿ ಕೂತ ಉಳಿಕೆಯಲ್ಲಿ ಒಂದಷ್ಟು ಹೋಗುತ್ತದೆ. ಇಮಿಡಾಕ್ಲೋಪ್ರಿಡ್‌ನಂತೆ ಗಿಡದೊಳಗೆ ಸಾಗುವ ಔಷಧಿಗೆ ಉಪ್ಪುನೀರು, ಹುಣಸೆನೀರು, ದುಬಾರಿ ತೊಳೆಯುವ ಯಂತ್ರ ಯಾವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ನಿಜವಾಗಿ ಅನುಮಾನ ಬಂದರೆ ಅದೇ ಕಾಯ್ದೆಯ 40ನೇ ಕಲಂ ಪ್ರಕಾರ ಯಾವ ಗ್ರಾಹಕರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಎಂದು ಅಂಗಡಿಯವರಿಗೆ ತಿಳಿಸಿರಬೇಕು. ಅರ್ಜಿಯಲ್ಲಿ "ಕೀಟನಾಶಕ ಪರೀಕ್ಷಿಸಿ" ಎಂದಷ್ಟೇ ಬರೆಯದೆ, ಬಹು-ಉಳಿಕೆಯೋ, ಮ್ಯಾಂಕೋಜೆಬ್ ಬಳಗವೋ, ಎರಡೂ ಬೇಕೋ ಎಂದು ಹೆಸರಿಸಿ ಬರೆಯಿರಿ.